ಎರಡನೆಯ ಪಾರ್ಸೆಲ್

ಶೆಟ್ರ ಹೋಟೆಲಿನಲ್ಲಿ ಆದಿತ್ಯವಾರ ನನಗೆ ಎರಡನೆಯ ಪಾರ್ಸೆಲ್ ಸಿಗುವುದೇ ಇಲ್ಲ. ಚರ್ಚಿನಿಂದ ನೇರ ಹೋಗಿ ಕೌಂಟರಿನ ಮುಂದೆ ನಿಂತು, ಎರಡು ಕೋರಿರೊಟ್ಟಿ ಕಟ್ಟಿ ಎನ್ನುತ್ತೇನೆ, ಅಂದರೆ ಒಣ ರೊಟ್ಟಿ ಮತ್ತು ಕೋಳಿಯ ಗಸಿ. ಚಿತ್ತರಂಜನ ಶೆಟ್ರು ಒಳಗೆ ಹೋಗಿ ನೋಡಿದ ಹಾಗೆ ಮಾಡಿ ಬಂದು, ಒಂದೇ ಉಳಿದದ್ದು ಬಾಯಿ, ಇನ್ನೊಂದು ಮುಗಿಯಿತು ಎನ್ನುತ್ತಾರೆ. ನಮ್ಮ ಕ್ರಿಶ್ಚಿಯನ್ ಹೆಂಗಸರನ್ನು ಅವರ ಕಡೆಯವರು ಬಾಯಿ ಎಂದೇ ಕರೆಯುವುದು. ಕೂತು ತಿನ್ನುವವರಿಗೆ ಮಾತ್ರ ತಟ್ಟೆ ಮೇಲೆ ತಟ್ಟೆ ಹೋಗುತ್ತಾ ಇರುತ್ತದೆ. ಕಟ್ಟಿಸಿಕೊಂಡು ಹೋಗುವವರೆಂದರೆ ಇವರಿಗೆ ಲೆಕ್ಕಕ್ಕೇ ಇಲ್ಲ, ಹೋಟೆಲ್ ನಡೆಸುವ ಕ್ರಮವಾ ಇದು ಎಂದು ನಾನು ವರ್ಷವಿಡೀ ಬೈದುಕೊಂಡೇ ಮನೆಗೆ ಬಂದಿದ್ದೇನೆ.

ಎರಡನೆಯದು ಯಾರಿಗೆ ಎಂದು ಕೇಳಿದರೆ ನನ್ನ ಹತ್ತಿರ ಉತ್ತರ ಇರುತ್ತಿತ್ತು. ಮನೆಯಲ್ಲಿ ಊಟಕ್ಕೆ ಜನ ಇದೆ, ಗಂಡನ ತಂಗಿ ಬಂದಿದ್ದಾಳೆ, ಬಜಪೆಯಿಂದ ಅಲ್ಫೋನ್ಸ್ ಮಾಮ ಬರುವವರಿದ್ದಾರೆ, ಹೀಗೆ ವಾರಕ್ಕೊಬ್ಬರು. ಅಲ್ಫೋನ್ಸ್ ಮಾಮ ತೀರಿಕೊಂಡು ಎಷ್ಟು ಕಾಲವಾಯಿತೋ. ಶೆಟ್ರಿಗೆ ಅದು ಗೊತ್ತಿರಲಿಕ್ಕಿಲ್ಲ ಎಂಬ ಧೈರ್ಯ ನನಗೆ.

ನಾನು ಉರ್ಸುಲಾ. ಕುವೈತಿನ ಒಂದು ಆಸ್ಪತ್ರೆಯಲ್ಲಿ ಹೆಚ್ಚುಕಡಿಮೆ ಇಡೀ ಆಯುಷ್ಯ ನರ್ಸ್ ಆಗಿದ್ದು, ಕೆಲಸ ಮುಗಿದ ಮೇಲೆ ಊರಿಗೆ ಬಂದವಳು. ಮಂಗಳೂರಿನ ಕಾವೂರಿನಲ್ಲಿ ಕೆರೆ ಕಾಣುವ ಹಾಗೆ ಒಂದು ಫ್ಲ್ಯಾಟ್ ಉಂಟು, ಇಬ್ಬರಿಗೆಂದು ತೆಗೆದುಕೊಂಡದ್ದು. ಗಂಡ ವಿಲ್ಲಿ ಅಲ್ಲಿಯ ಕೆಲಸ ಮುಗಿಸಿ ಹಿಂದೆಯೇ ಬರುತ್ತೇನೆ ಎಂದಿದ್ದ. ನಾನು ಕಿಟಕಿಗೆ ಪರದೆ ಹೊಲಿಸಿ ಹಾಕಿದ ವಾರ ಫೋನ್ ಮಾಡಿ, ನಾನು ಬರುವುದಿಲ್ಲ ಉರ್ಸುಲಾ, ಕಾಯಬೇಡ ಎಂದ. ಅಲ್ಲಿ ಯಾರೋ ಇದ್ದಾಳೆ. ನಾನು ಹೆಸರು ಕೇಳಲಿಲ್ಲ, ಅವನು ಹೇಳಲಿಲ್ಲ. ಮಕ್ಕಳು ನಮಗೆ ಆಗಲಿಲ್ಲ, ಆದ್ದರಿಂದ ಇಬ್ಬರ ನಡುವೆ ಮಾತಾಡಲಿಕ್ಕೆ ಇದ್ದದ್ದೆಲ್ಲ ಅಲ್ಲಿಗೇ ಮುಗಿಯಿತು.

ಊರಿನಲ್ಲಿ ಇದನ್ನು ನಾನು ಯಾರಿಗೂ ಹೇಳಲಿಲ್ಲ. ಪೂಜೆ ಮುಗಿದು ಚರ್ಚಿನ ಮೆಟ್ಟಿಲು ಇಳಿಯುವಾಗ, ವಿಲ್ಲಿ ಯಾವಾಗ ಬರುವುದು ಎಂದು ಕೇಳದವರಿಲ್ಲ, ಹೋಟೆಲಿನ ಕೌಂಟರಿನಲ್ಲಿ ಶೆಟ್ರೂ ಕೇಳುತ್ತಾರೆ. ಅವರಿಗೆ ಇನ್ನೂ ಕೆಲಸ ಇದೆ, ಡಿಸೆಂಬರಿಗೆ ಟಿಕೆಟ್ ಇದೆ ಎನ್ನುತ್ತೇನೆ. ಡಿಸೆಂಬರ್ ಹೋದರೆ ಈಸ್ಟರ್ ಇದೆ. ಗಂಡ ಬಿಟ್ಟವಳು ಎಂದು ಯಾರಾದರೂ ನನ್ನ ಕೈ ಹಿಡಿದು ಪಾಪ ಅಂದರೆ ನಾನು ಅಲ್ಲೇ ಕುಸಿಯುತ್ತೇನೆ ಎಂಬ ಹೆದರಿಕೆ ನನಗೆ. ಆಸ್ಪತ್ರೆಯಲ್ಲಿ ಎಷ್ಟೋ ಜನರಿಗೆ ಪಾಪ ಪಾಪ ಎಂದು ಸಮಾಧಾನ ಮಾಡಿದವಳು ನಾನೇ. ಆ ಶಬ್ದ ಕೇಳುವವರಿಗೆ ಹೇಗೆ ತಾಗುತ್ತದೆಂದು ನನಗೆ ಚೆನ್ನಾಗಿ ಗೊತ್ತು. ಹಾಗಾಗಿ ಈ ಸುಳ್ಳು ನಡೆಯುತ್ತಲೇ ಇರಬೇಕಿತ್ತು. ನನ್ನ ಹತ್ತಿರ ಕಾಪಾಡಿಕೊಳ್ಳಲಿಕ್ಕೆ ಬೇರೆ ಏನೂ ಉಳಿದಿರಲಿಲ್ಲ.

ಸುಳ್ಳಿನ ಜೊತೆ ಮನೆಯಲ್ಲಿ ಒಬ್ಬಳೇ ಎಷ್ಟು ಅಂತ ಕೂರುವುದು? ಮಧ್ಯಾಹ್ನ ಮೂರು ಗಂಟೆಯಿಂದ ಆರು ಗಂಟೆಯವರೆಗಿನ ಹೊತ್ತು ಉಂಟಲ್ಲ, ಅದನ್ನು ದಾಟಿಸುವುದು ಕಷ್ಟ. ಪಕ್ಕದ ಮನೆಯ ಕುಕ್ಕರ್ ಕೂಗುವುದು ಕೂಡ ಯಾರೋ ಮಾತಾಡಿಸಿದ ಹಾಗೆ ಕೇಳುತ್ತದೆ. ಆ ಹೊತ್ತಿಗಾಗಿಯೇ ನಾನು ಬೆಂದೂರಿನ ಒಂದು ಕ್ಲಬ್ಬಿಗೆ ಸೇರಿದ್ದು, ಅಲ್ಲಿ ಪೋಕರ್ ಆಡಲಿಕ್ಕೆ ಹೋಗುವುದು.

ಹೆಂಗಸಿಗೆ ಇಸ್ಪೀಟು ಯಾಕೆ ಎಂದು ಮೂಗು ಮುರಿಯುವವರು ಮುರಿಯಲಿ. ಕುವೈತಿನ ಹಾಸ್ಟೆಲಿನಲ್ಲಿ ಫಿಲಿಪ್ಪೀನ್ಸಿನ ಮೆಲಿಸಾ ಎಂಬವಳು ನನಗೆ ಇದನ್ನು ಕಲಿಸಿದ್ದು. ಡ್ಯೂಟಿ ಇಲ್ಲದ ದಿನ ಸಿರಿಂಜಿನ ಮುಚ್ಚಳಗಳನ್ನು ಚಿಪ್ಸ್ ಮಾಡಿಕೊಂಡು ಹಾಸಿಗೆಯ ಮೇಲೆ ಆಡುತ್ತಿದ್ದೆವು. ಆಟ ಕಷ್ಟದ್ದಲ್ಲ. ಪ್ರತಿಯೊಬ್ಬರ ಕೈಗೆ ಎರಡು ಎಲೆ, ಅವರಿಗೆ ಮಾತ್ರ ಕಾಣುವಂಥದ್ದು. ಮೇಜಿನ ನಡುವೆ ಐದು ಎಲೆ ಬಿಡಿಸಿಡುತ್ತಾರೆ, ಅದು ಎಲ್ಲರದ್ದು. ಎರಡನ್ನೂ ಸೇರಿಸಿ ಜೋಡಿಯೋ ಸಾಲೋ ಮಾಡಿಕೊಳ್ಳುವುದು, ಚಿಪ್ಸ್ ಮುಂದೆ ತಳ್ಳಿ ಬೆಟ್ ಮಾಡುವುದು. ಎದುರಿನವರು ಅಷ್ಟೇ ಚಿಪ್ಸ್ ಹಾಕಿದರೆ ಎಲೆ ತೋರಿಸಬೇಕು. ಅವರು ಹೆದರಿ ಪ್ಯಾಕ್ ಎಂದು ಎಲೆ ಕೆಳಗಿಟ್ಟರೆ ನಿಮ್ಮ ಕೈಯಲ್ಲಿ ಕಸ ಇದ್ದರೂ ಚಿಪ್ಸೆಲ್ಲ ನಿಮ್ಮದು, ಎಲೆ ತೋರಿಸಬೇಕೆಂದೂ ಇಲ್ಲ. ಏನೂ ಇಲ್ಲದಿದ್ದರೂ ಇರುವ ಹಾಗೆ ನಡೆದುಕೊಳ್ಳುವುದೇ ಈ ಆಟದ ಅರ್ಧ. ನನಗೆ ಅದರ ಅಭ್ಯಾಸ ಬೇಕಾದಷ್ಟಿತ್ತು.

ನಮ್ಮ ಕ್ಲಬ್ಬಿನಲ್ಲಿ ಹಳಬರು ಮಾಡಿಟ್ಟ ಒಂದು ಪದ್ಧತಿಯೂ ಉಂಟು. ಕೊನೆಯ ಬೆಟ್ಟಿಗೆ ಚಿಪ್ಸ್ ಹಾಕುವ ಮೊದಲು ಎದುರಿನವರು, ಉಂಟಾ ಎಂದು ಕೇಳಬಹುದು. ಉತ್ತರ ಕೊಡಲೇಬೇಕು. ನಿಜ ಹೇಳಬೇಕೆಂದು ಮಾತ್ರ ಇಲ್ಲ.

ಕಳೆದ ಆದಿತ್ಯವಾರ ಅಲ್ಲಿ ಟೂರ್ನಮೆಂಟ್ ಇತ್ತು. ಕಾರ್ಯದರ್ಶಿ ಹ್ಯೂಬರ್ಟ್ ಹಿಂದೆ ಹಡಗಿನಲ್ಲಿದ್ದವರು, ಎಲ್ಲದಕ್ಕೂ ಸೀಟಿ ಊದಿಯೇ ಶುರುಮಾಡುತ್ತಾರೆ. ದುಡ್ಡಿನ ಆಟ ಅಲ್ಲ, ಎಲ್ಲರಿಗೂ ಸಮ ಚಿಪ್ಸ್, ಚಿಪ್ಸ್ ಮುಗಿದವರು ಎದ್ದು ಹೋಗಬೇಕು, ಕೊನೆಗೆ ಕೂತಿದ್ದವರಿಗೆ ಕಪ್. ಬೆಳಗ್ಗಿನ ಪೂಜೆ ಮುಗಿಸಿ ನಾನು ಹೋಗಿ ಕೂತೆ. ನನ್ನ ಮೇಜಿನಲ್ಲಿ ಡೆರಿಲ್ ಎಂಬ ಹಲ್ಲಿನ ಡಾಕ್ಟರ್ ಹುಡುಗ, ಅವನ ಪಕ್ಕ ನಮ್ಮ ಶೆಟ್ರು. ಹೋಟೆಲನ್ನು ಹೆಂಡತಿ ಸ್ನೇಹಲತಾಗೆ ಒಪ್ಪಿಸಿ ಬಂದಿದ್ದರು. ಬಾಕಿಯವರ ಪರಿಚಯ ಅಷ್ಟಕ್ಕಷ್ಟೆ.

ಮೊದಲ ಗಂಟೆಯಲ್ಲೇ ನನ್ನ ಮಾನ ಹೋಯಿತು. ಕೈಯಲ್ಲಿ ಏಳು ಮತ್ತು ಎರಡು, ಅದಕ್ಕಿಂತ ಕೆಟ್ಟ ಎಲೆ ಈ ಆಟದಲ್ಲಿಲ್ಲ. ಮೇಜಿನ ಮೇಲೆ ರಾಜ, ಹತ್ತು, ಒಂಬತ್ತು, ನಾಲ್ಕು, ಮೂರು. ಶೆಟ್ರು ಮೊದಲೇ ಪ್ಯಾಕ್ ಆಗಿದ್ದರು. ನನಗೆ ರಾಜನ ಜೋಡಿ ಸಿಕ್ಕಿದ ಹಾಗೆ ಪ್ರತಿ ಸಲವೂ ಬೆಟ್ ಏರಿಸುತ್ತಾ ಬಂದೆ. ಕೊನೆಯಲ್ಲಿ ಡೆರಿಲ್ ತಲೆ ಕೆರೆದುಕೊಂಡು, ಆಂಟಿ, ಉಂಟಾ ಎಂದು ಕೇಳಿದ. ಇದೆ, ಎಂದೆ. ಅವನು ಸ್ವಲ್ಪ ಹೊತ್ತು ನನ್ನ ಮುಖ ನೋಡಿ ಚಿಪ್ಸ್ ಹಾಕಿಬಿಟ್ಟ. ಎಲೆ ತಿರುಗಿಸಬೇಕಾಯಿತು.

ಏಳು, ಎರಡು ನೋಡಿ ಇಡೀ ಮೇಜು ನಕ್ಕಿತು. ಪಕ್ಕದ ಮೇಜಿನವರು ಎದ್ದು ಬಂದು ನೋಡಿ ನಕ್ಕು ಹೋದರು. ನರ್ಸ್ ಆಂಟಿ ಸೂಜಿ ಇಲ್ಲದೆ ಇಂಜೆಕ್ಷನ್ ಕೊಡ್ತಾರೆ ಎಂದು ಡೆರಿಲ್ ತಮಾಷೆ ಮಾಡಿದ. ನಾನೂ ನಕ್ಕೆ, ಕಿವಿಯೆಲ್ಲ ಬಿಸಿಯಾಗಿತ್ತು. ಶೆಟ್ರು ಮಾತ್ರ ನಗಲಿಲ್ಲ, ತಮ್ಮ ಚಿಪ್ಸನ್ನು ಸುಮ್ಮನೆ ಜೋಡಿಸುತ್ತಾ ಇದ್ದರು.

ನನ್ನ ಮುಂದೆ ಉಳಿದದ್ದು ಅಂಗೈಯಲ್ಲಿ ಮುಚ್ಚುವಷ್ಟು ಚಿಪ್ಸ್. ಆಗ ಮೆಲಿಸಾ ನೆನಪಾದಳು. ಅವಳು ಹೇಳುತ್ತಿದ್ದದ್ದು ಇಷ್ಟೆ: ನಿನ್ನ ಸುಳ್ಳನ್ನು ಎಲ್ಲರೂ ಕಂಡ ಮೇಲೆ ಸುಳ್ಳಿನ ಅಂಗಡಿ ಮುಚ್ಚು. ಅದೇ ಮುಖ, ಅದೇ ಕೈ, ಅದೇ ಬೆಟ್ ಇಟ್ಟುಕೊಂಡು ನಿಜ ಮಾರು. ಯಾರಿಗೂ ಗುರುತು ಸಿಗುವುದಿಲ್ಲ, ಹೇಳಿದ ಬೆಲೆ ಕೊಟ್ಟು ತೆಗೆದುಕೊಳ್ಳುತ್ತಾರೆ.

ಹಾಗೇ ಮಾಡಿದೆ. ಎಲೆ ಸರಿ ಇಲ್ಲದಿದ್ದರೆ ಪ್ಯಾಕ್, ಮತ್ತೆ ಪ್ಯಾಕ್. ಆಂಟಿಗೆ ಹೆದರಿಕೆ ಹಿಡಿಯಿತು ಎಂದರು, ಹೇಳಿಕೊಳ್ಳಲಿ ಎಂದು ಬಿಟ್ಟೆ. ಆಮೇಲೆ ಎರಡು ರಾಣಿ ಒಟ್ಟಿಗೆ ಬಂದವು. ಏಳು, ಎರಡು ಇಟ್ಟುಕೊಂಡು ಹೇಗೆ ಬೆಟ್ ಮಾಡಿದ್ದೆನೋ ಹಾಗೆಯೇ ಮಾಡಿದೆ, ಅಷ್ಟೇ ಗಡಿಬಿಡಿಯಲ್ಲಿ. ಡೆರಿಲಿಗೆ ಆಸೆ ಹುಟ್ಟಿತು. ಈ ಸಲವಾದರೂ ಉಂಟಾ ಆಂಟಿ ಎಂದು ಕೇಳಿದ. ಉಂಟು ಎಂದೆ. ನಗುತ್ತಲೇ ಚಿಪ್ಸ್ ಹಾಕಿದ, ರಾಣಿಯರನ್ನು ನೋಡಿ ನಗು ನಿಂತಿತು. ಅವನಿಗೆ ಬುದ್ಧಿ ಬರಲಿಲ್ಲ. ಒಮ್ಮೆ ಸುಳ್ಳುಗಾತಿ ಎಂದು ತಿಳಿದ ಮೇಲೆ ಅವನಿಗೆ ನಾನು ಪ್ರತಿ ಸಲವೂ ಸುಳ್ಳುಗಾತಿಯೇ. ಊಟದ ಗಂಟೆಗೆ ಮೊದಲು ಅವನ ಚಿಪ್ಸೆಲ್ಲ ನನ್ನ ಮುಂದೆ ಇತ್ತು. ಕುರ್ಚಿ ಹಿಂದೆ ತಳ್ಳಿ ಎದ್ದು, ಹಲ್ಲು ನೋವಾದರೆ ಬನ್ನಿ ಆಂಟಿ ಎಂದು ಹೇಳಿ ಹೋದ. ಒಳ್ಳೆಯ ಹುಡುಗ.

ಒಂದು ವಿಷಯ ಗಮನಿಸಿದೆ. ಶೆಟ್ರು ಮಾತ್ರ ನನ್ನ ನಿಜಕ್ಕೆ ಒಂದು ಸಲವೂ ಚಿಪ್ಸ್ ಹಾಕಲಿಲ್ಲ. ಉಂಟು ಎಂದರೆ ಸಾಕು, ಎಲೆ ಕೆಳಗಿಟ್ಟುಬಿಡುತ್ತಿದ್ದರು.

ಊಟಕ್ಕೆ ಸಾನ್ನಾ, ಅಂದರೆ ನಮ್ಮವರ ಇಡ್ಲಿ, ಮತ್ತು ಕೋಳಿ ಸುಕ್ಕ. ನಾನು ತಟ್ಟೆ ಹಿಡಿದು ಕಿಟಕಿಯ ಹತ್ತಿರ ಕೂತೆ, ಯಾಕೆಂದರೆ ಅಲ್ಲಿ ಒಂದೇ ಕುರ್ಚಿ ಇತ್ತು. ಶೆಟ್ರು ಇನ್ನೊಂದು ಕುರ್ಚಿ ಎಳೆದುಕೊಂಡು ಬಂದರು. ಸುಕ್ಕಕ್ಕೆ ಕಾಯಿ ಸ್ವಲ್ಪ ಜಾಸ್ತಿ ಹುರಿದಿದ್ದಾರೆ ಎಂದು ಹೋಟೆಲಿನವರ ಮಾತು ಆಡಿದರು. ಆಮೇಲೆ ತಟ್ಟೆ ನೋಡಿಕೊಂಡೇ ಹೇಳಿದರು:

"ಬಾಯಿ, ಒಂದು ವಿಷಯ. ಬೇಸರ ಮಾಡ್ಬೇಡಿ. ಗೊತ್ತಿದ್ದೂ ಹೇಳದೆ ಆಡಿದ್ರೆ ನಂಗೆ ಸರಿ ಕಾಣುವುದಿಲ್ಲ. ಕೈಯಲ್ಲಿ ಎಲೆ ಇದ್ದಾಗ ನೀವು ಉಂಟು ಹೇಳ್ತೀರಿ. ಎಂತದೂ ಇಲ್ಲದಾಗ ಇದೆ ಹೇಳ್ತೀರಿ."

ನನಗೆ ಮೊದಲು ಅರ್ಥವೇ ಆಗಲಿಲ್ಲ. ಆಮೇಲೆ ನೆನಪು ಮಾಡಿಕೊಂಡೆ. ಡೆರಿಲಿಗೆ ಮೊದಲು ಹೇಳಿದ್ದು ಇದೆ. ರಾಣಿಯರು ಬಂದಾಗ ಹೇಳಿದ್ದು ಉಂಟು. ನಮ್ಮ ಕಡೆ ಯಾರ ಬಾಯಲ್ಲೂ ಇದೆ ಎಂದು ಬರುವುದಿಲ್ಲ, ಮಾತಿಗೆಲ್ಲ ಉಂಟು. ಇದೆ ಎನ್ನುವುದು ಪುಸ್ತಕದ್ದು, ಘಟ್ಟದ ಮೇಲಿನವರದ್ದು. ನನ್ನ ನಾಲಿಗೆಗೆ ಅದು ಎಲ್ಲಿಂದ ಹತ್ತಿತು ಎಂದು ಯೋಚಿಸಿದರೆ ಅದೂ ಹೊಳೆಯಿತು. ಕುವೈತಿನ ವಾರ್ಡಿಗೆ ಕಟ್ಟಡದ ಕೆಲಸದವರು ಬರುತ್ತಿದ್ದರು, ಮೇಲಿನಿಂದ ಬಿದ್ದವರು, ಬಿಸಿಲು ತಾಗಿದವರು. ಅವರಲ್ಲಿ ನಮ್ಮ ರಾಜ್ಯದವರಿದ್ದರೆ ನನ್ನನ್ನು ಕರೆಯುತ್ತಿದ್ದರು. ಅವರಿಗೆ ಅರ್ಥವಾಗಲಿ ಎಂದು ಶಾಲೆಯಲ್ಲಿ ಕಲಿತ ಕನ್ನಡವನ್ನೇ ಹುಡುಕಿ ಆಡುತ್ತಿದ್ದೆ. ನಾಡಿ ಚೆನ್ನಾಗಿದೆ, ಇನ್ನೂ ಸಮಯ ಇದೆ, ಭರವಸೆ ಇದೆ. ಅರ್ಧಕ್ಕರ್ಧ ಸುಳ್ಳು. ಹೀಗೆ ಸುಳ್ಳು ಹೇಳಲಿಕ್ಕೆಂದೇ ನನಗೆ ಒಂದು ಕನ್ನಡ ಬೇರೆ ಆಗಿಬಿಟ್ಟಿತ್ತು.

ಇವತ್ತು ಒಂದೇ ಬೆಳಿಗ್ಗೆಯಲ್ಲಿ ಇದನ್ನು ಹೇಗೆ ಕಂಡುಹಿಡಿದಿರಿ ಎಂದು ಕೇಳಿದೆ. ಶೆಟ್ರು ಸಾನ್ನಾ ಮುರಿಯುತ್ತಾ ಇದ್ದರು.

"ಇವತ್ತಲ್ಲ ಬಾಯಿ," ಎಂದರು.

ಅಷ್ಟೇ. ತಟ್ಟೆ ಎತ್ತಿಕೊಂಡು ಕೈ ತೊಳೆಯಲಿಕ್ಕೆ ಹೋದರು.

ನಾನು ಅಲ್ಲೇ ಕೂತೆ. ವಿಲ್ಲಿಗೆ ಕೆಲಸ ಇದೆ. ಡಿಸೆಂಬರಿಗೆ ಟಿಕೆಟ್ ಇದೆ. ಇವತ್ತು ಮನೆಯಲ್ಲಿ ಊಟಕ್ಕೆ ಜನ ಇದೆ, ಎರಡು ಕಟ್ಟಿ. ವರ್ಷವಿಡೀ ಆ ಕೌಂಟರಿನ ಮುಂದೆ ನಿಂತು ನಾನು ಹೇಳಿದ್ದನ್ನೆಲ್ಲ ಈ ಮನುಷ್ಯ ಕೇಳಿಸಿಕೊಂಡಿದ್ದಾನೆ. ಕೇಳಿಸಿಕೊಂಡು, ಒಳಗೆ ಹೋಗಿ ನೋಡಿದ ಹಾಗೆ ಮಾಡಿ ಬಂದು, ಎರಡನೆಯದು ಮುಗಿಯಿತು ಎಂದಿದ್ದಾನೆ. ಒಬ್ಬಳು ಎರಡು ಪಾರ್ಸೆಲ್ ಇಟ್ಟುಕೊಂಡು ಎಂತ ಮಾಡುತ್ತಾಳೆ ಎಂದು ಅವನಿಗೆ ಗೊತ್ತಿತ್ತು. ನಾನು ಅವನ ಹೋಟೆಲನ್ನು ಬೈದದ್ದಕ್ಕೆ ಲೆಕ್ಕ ಇಲ್ಲ.

ಮೊದಲು ಸಿಟ್ಟು ಬಂತು, ನನ್ನ ಮನೆಯ ವಿಷಯ ಇವನಿಗೆ ಯಾಕೆ ಎಂದು. ಸಿಟ್ಟಿನ ಹಿಂದೆ ನಾಚಿಕೆ ಬಂತು. ಅದರ ಹಿಂದೆ ಬಂದದ್ದನ್ನು ಮಾತ್ರ ನಾನು ಎಣಿಸಿರಲಿಲ್ಲ. ಮೈ ಹಗುರಾಯಿತು. ಇಡೀ ಮಂಗಳೂರಿನಲ್ಲಿ ಒಬ್ಬರಿಗೆ ಗೊತ್ತು. ಗೊತ್ತಿದ್ದೂ ಪಾಪ ಎಂದು ಹೇಳದೆ, ಒಂದು ಪಾರ್ಸೆಲ್ ಕೈಗೆ ಕೊಟ್ಟು ಕಳಿಸಿದವರು ಒಬ್ಬರಿದ್ದಾರೆ. ನಾನು ಅಂದುಕೊಂಡಷ್ಟು ಒಬ್ಬಳಾಗಿರಲಿಲ್ಲ.

ಅಲ್ಲಿಗೇ ಬಿಟ್ಟು ಮನೆಗೆ ಹೋಗಿದ್ದರೆ ಚೆನ್ನಾಗಿತ್ತು. ಆದರೆ ಹ್ಯೂಬರ್ಟ್ ಸೀಟಿ ಊದಿದರು. ಎದುರಿನವರಿಗೆ ನನ್ನ ಸುಳ್ಳಿನ ಗುರುತು ಗೊತ್ತು ಎಂದು ನನಗೆ ಗೊತ್ತಾದ ಮೇಲೆ ಸುಮ್ಮನಿರಲಿಕ್ಕೆ ಆಟಗಾರ್ತಿಗೆ ಆಗುವುದಿಲ್ಲ. ಆಟ ಅಂದರೆ ಆಟ ಎಂದು ನನಗೆ ನಾನೇ ಹೇಳಿಕೊಂಡು ಹೋಗಿ ಕೂತೆ.

ಗುರುತು ತಿಳಿದ ಕೂಡಲೇ ಶಬ್ದ ಬದಲಿಸಿದರೆ ಶೆಟ್ರು ಎಚ್ಚರಾಗುತ್ತಾರೆ. ಹಾಗಾಗಿ ಬದಲಿಸಲಿಲ್ಲ. ಮೂರು ಗಂಟೆಯ ಹೊತ್ತಿಗೆ ಕಸದ ಎಲೆ ಬಂತು, ಚಿಕ್ಕ ಬೆಟ್ ಮಾಡಿದೆ. ಶೆಟ್ರು, ಉಂಟಾ ಬಾಯಿ ಎಂದರು. ಇದೆ ಎಂದು ಹೇಳಿ ತುಟಿ ಕಚ್ಚಿಕೊಂಡೆ, ನಾಲಿಗೆ ಜಾರಿದ ಹಾಗೆ. ಶೆಟ್ರು ಚಿಪ್ಸ್ ಹಾಕಿ ಗೆದ್ದರು. ಇನ್ನೊಂದು ಸಲವೂ ಹಾಗೇ ಮಾಡಿ ಸಿಕ್ಕಿಬಿದ್ದೆ. ನಡುವೆ ಒಳ್ಳೆಯ ಎಲೆ ಬಂದಾಗ ಉಂಟು ಎಂದು ಹೇಳಿ ನಿಜವನ್ನೇ ತೋರಿಸಿದೆ. ಎರಡನೆಯ ಸಲ ಸಿಕ್ಕಿಬಿದ್ದಾಗ ಶೆಟ್ರು ನನ್ನ ಕಡೆ ನೋಡಿ ತಲೆಯಾಡಿಸಿದರು. ಹೇಳಿಕೊಟ್ಟರೂ ತಿದ್ದಿಕೊಳ್ಳಲಿಕ್ಕೆ ಆಗಲಿಲ್ಲವಲ್ಲಾ ಎಂಬ ಕನಿಕರ ಆ ಮುಖದಲ್ಲಿ ಚೆನ್ನಾಗಿ ಕಾಣುತ್ತಿತ್ತು. ಆ ಕನಿಕರಕ್ಕಾಗಿಯೇ ನಾನು ಅಷ್ಟು ಚಿಪ್ಸ್ ಕಳೆದದ್ದು. ನನ್ನ ನಾಲಿಗೆ ನನ್ನ ಮಾತು ಕೇಳುವುದಿಲ್ಲ ಎಂದು ಅವರು ನಂಬಬೇಕಿತ್ತು, ನಂಬಿದರು.

ಸಂಜೆಯಾಗುವಾಗ ಮೇಜಿನಲ್ಲಿ ಉಳಿದದ್ದು ನಾವಿಬ್ಬರೇ. ಸೋತವರೆಲ್ಲ ಚಾ ಹಿಡಿದುಕೊಂಡು ಸುತ್ತ ನಿಂತಿದ್ದರು. ನನ್ನ ಕೈಗೆ ಎಂಟು ಮತ್ತು ಆರು ಬಂತು. ಮೇಜಿನ ಮೇಲೆ ಎಕ್ಕ, ಗುಲಾಮ, ಐದು, ನಾಲ್ಕು. ಒಂದು ಏಳು ಬಿದ್ದರೆ ನನಗೆ ಸಾಲು. ಏಳು ಬೀಳಲಿಲ್ಲ, ಇನ್ನೊಂದು ಎಕ್ಕ ಬಿತ್ತು. ನನ್ನ ಹತ್ತಿರ ಏನೂ ಇರಲಿಲ್ಲ. ಇದ್ದಬದ್ದ ಚಿಪ್ಸನ್ನೆಲ್ಲ ಎರಡೂ ಕೈಯಿಂದ ಮುಂದೆ ತಳ್ಳಿದೆ.

ಶೆಟ್ರು ತಮ್ಮ ಎಲೆಗಳ ಅಂಚು ಎತ್ತಿ ಮತ್ತೊಮ್ಮೆ ನೋಡಿಕೊಂಡರು. ಆಮೇಲೆ ತಲೆಯೆತ್ತಿ ಮೆಲ್ಲಗೆ ಕೇಳಿದರು:

"ಉಂಟಾ ಬಾಯಿ?"

ನಾನು ಕೌಂಟರಿನ ಮುಂದೆ ನಿಂತಾಗ ಹೇಗೆ ನೋಡುತ್ತಾರೋ ಹಾಗೆಯೇ ನೋಡುತ್ತಿದ್ದರು. ನಾನೂ ಅವರನ್ನೇ ನೋಡಿದೆ.

"ಉಂಟು," ಎಂದೆ.

ಅವರು ಇನ್ನೊಂದು ಕ್ಷಣವೂ ತಡಮಾಡಲಿಲ್ಲ. ತಮ್ಮ ಎರಡು ಎಲೆ ತಿರುಗಿಸಿ ತೋರಿಸಿ ಕೆಳಗಿಟ್ಟರು. ಗುಲಾಮ ಮತ್ತು ಒಂಬತ್ತು. ಎರಡು ಜೋಡಿ ಇಟ್ಟುಕೊಂಡು ಸೋತರು. ಬಾಯಿಯ ಹತ್ತಿರ ಎಕ್ಕ ಉಂಟು, ನಂಗೆ ಗೊತ್ತಾಯ್ತು ಎಂದು ಪಕ್ಕದವರಿಗೆ ಹೇಳಿದರು. ಮುಂದಿನ ಆಟಕ್ಕೆ ಅವರ ಮುಂದೆ ಹೆಚ್ಚೇನೂ ಉಳಿದಿರಲಿಲ್ಲ, ಎರಡೇ ಸುತ್ತಿನಲ್ಲಿ ಮುಗಿಯಿತು. ನಾನು ಆ ಎಂಟು, ಆರನ್ನು ಯಾರಿಗೂ ತೋರಿಸದೆ ಕಟ್ಟಿನೊಳಗೆ ಸೇರಿಸಿಬಿಟ್ಟಿದ್ದೆ.

ಚಪ್ಪಾಳೆ ತಟ್ಟಿದರು. ಹ್ಯೂಬರ್ಟ್ ಕಪ್ ಕೊಟ್ಟು, ಫೋಟೋ ತೆಗೆದು, ಇದನ್ನು ಕೂಡಲೇ ವಿಲ್ಲಿಗೆ ಕಳಿಸಿ ಎಂದರು. ಕಳಿಸ್ತೇನೆ ಎಂದೆ. ಬೆಳಗ್ಗೆ ನಕ್ಕವರೆಲ್ಲ ಬಂದು ಕೈ ಕುಲುಕಿದರು. ನನಗೆ ನಿಜವಾಗಿ ಖುಷಿಯಾಗಿತ್ತು, ಅದನ್ನು ಯಾಕೆ ಮುಚ್ಚಿಡಬೇಕು. ಆ ಗದ್ದಲದ ನಡುವೆ ಶೆಟ್ರು ಬಂದು, ಹೋಟೆಲ್ ದಾರಿಯಲ್ಲೇ ಸಿಗುತ್ತದೆ, ನನ್ನ ಕಾರಿನಲ್ಲಿ ಮನೆಗೆ ಬಿಡುತ್ತೇನೆ, ಈಗಲೇ ಫೋನ್ ಮಾಡಿ ಕಟ್ಟಿಸಿಡುತ್ತೇನೆ ಎಂದರು. ಎಷ್ಟು ಕಟ್ಟಿಸುವುದು, ಮನೆಯಲ್ಲಿ ಜನ ಉಂಟಾ ಎಂದು ಕೇಳಿದರು.

ಸುತ್ತ ಹ್ಯೂಬರ್ಟ್ ಇದ್ದರು, ಚರ್ಚಿನವರು ಇದ್ದರು. ಇಷ್ಟು ಕಾಲ ಹೇಳಿಕೊಂಡು ಬಂದದ್ದೇ ಬಾಯಿಗೆ ಬಂತು. ಶಬ್ದ ಮಾತ್ರ ಹೊಸದು. ಮಧ್ಯಾಹ್ನವಿಡೀ ಅದನ್ನು ತಿದ್ದಿ ತಿದ್ದಿ ಇಟ್ಟಿದ್ದೆನಲ್ಲ, ಅದೇ ಬಂತು.

"ಉಂಟು. ಎರಡು ಕಟ್ಟಿಸಿ."

ಶೆಟ್ರ ಮುಖ ಅರಳಿದ್ದನ್ನು ನಾನು ಈಗಲೂ ಮರೆಯಲಾರೆ. ವಿಲ್ಲಿಯವರು ಬಂದ್ರಾ, ಎಂದು ಕೇಳಿದರು, ಬೇರೆಯವರಿಗೆ ಕೇಳದಷ್ಟು ಸಣ್ಣ ಸ್ವರದಲ್ಲಿ. ನಾನು ಏನು ಹೇಳಿದೆನೋ, ತಲೆ ಆಡಿಸಿದೆನೋ ಗೊತ್ತಿಲ್ಲ. ಒಳ್ಳೆದಾಯ್ತು ಬಾಯಿ, ದೇವರು ದೊಡ್ಡವರು ಎಂದರು. ಕಾರಿನಲ್ಲಿ ಕಾವೂರಿನವರೆಗೂ ವಿಲ್ಲಿಯ ಬಗ್ಗೆ ಒಂದು ಪ್ರಶ್ನೆಯನ್ನೂ ಕೇಳಲಿಲ್ಲ. ಸುಮ್ಮನೆ ಸ್ಟಿಯರಿಂಗಿನ ಮೇಲೆ ಬೆರಳಿನಲ್ಲಿ ತಾಳ ಹಾಕುತ್ತಾ ಇದ್ದರು. ಹೋಟೆಲಿನ ಮುಂದೆ ನಿಲ್ಲಿಸಿ ತಾವೇ ಒಳಗೆ ಹೋಗಿ ಎರಡು ಪಾರ್ಸೆಲ್ ತಂದು ನನ್ನ ತೊಡೆಯ ಮೇಲೆ ಇಟ್ಟರು. ಪೊರ್ಬುಗಳಿಗೆ ಊರಿನ ಗಸಿ ತಿನ್ನದೆ ಎಷ್ಟು ಕಾಲವಾಯಿತೋ, ಜಾಸ್ತಿ ಹಾಕಿಸಿದ್ದೇನೆ ಎಂದರು. ಕ್ರಿಶ್ಚಿಯನ್ನರ ಮನೆಯ ಗಂಡಸರನ್ನು ಅವರ ಕಡೆಯವರು ಗೌರವದಿಂದ ಕರೆಯುವುದು ಹಾಗೆ. ಆ ಗೌರವವೆಲ್ಲ ವಿಲ್ಲಿಗೆ ಹೋಯಿತು.

ಮನೆಗೆ ಬಂದು ಕಪ್ಪನ್ನು ಟಿವಿಯ ಮೇಲಿನ ಹಲಗೆಯಲ್ಲಿ ಇಟ್ಟೆ. ಪಾರ್ಸೆಲ್ ಎರಡನ್ನೂ ಮೇಜಿನ ಮೇಲೆ ಇಟ್ಟೆ. ಇಬ್ಬರಿಗೆಂದು ತೆಗೆದುಕೊಂಡ ಮೇಜು ಅದು, ಎರಡೇ ಕುರ್ಚಿ. ಒಂದು ಪಾರ್ಸೆಲ್ ನನ್ನ ಮುಂದೆ, ಇನ್ನೊಂದು ಆ ಕಡೆಯ ಕುರ್ಚಿಯ ಮುಂದೆ ಹೋಗಿ ಕೂತಿತು. ಹಾಗೆ ಇಡಬೇಕೆಂದು ಇಟ್ಟದ್ದಲ್ಲ. ಕೆರೆಯ ಕಡೆ ಇನ್ನೂ ಸ್ವಲ್ಪ ಬೆಳಕಿತ್ತು. ರೊಟ್ಟಿ ಮುರಿದು ಗಸಿ ಹಾಕಿ ತಿನ್ನಲಿಕ್ಕೆ ಶುರುಮಾಡಿದೆ. ಎರಡನೆಯ ತುತ್ತು ಕೈಯಲ್ಲೇ ಉಳಿಯಿತು.

ವಿಲ್ಲಿ ಬರುವುದಿಲ್ಲ ಎಂದ ದಿನ ಕೂಡ ಹೀಗೆ ಆಗಿರಲಿಲ್ಲ. ಆ ದಿನ ಹೋದದ್ದು ಗಂಡ, ಅವನು ಹೋಗುವವನೇ ಆಗಿದ್ದ. ಇವತ್ತು ನಾನೇ ಕಳೆದುಕೊಂಡೆ. ಈ ಊರಿನಲ್ಲಿ ನನ್ನ ಸುಳ್ಳು ಗೊತ್ತಾಗುವ ಒಬ್ಬ ಮನುಷ್ಯನಿದ್ದ. ಆ ಮನುಷ್ಯನಿಗೆ ಇನ್ನು ಗೊತ್ತಾಗದ ಹಾಗೆ ಮಾಡಿ ಬಂದೆ, ಅದಕ್ಕೆ ಕಪ್ ಸಿಕ್ಕಿತು. ಬರುವ ಆದಿತ್ಯವಾರವೂ ಎರಡು ಕಟ್ಟಿಸುತ್ತಾನೆ. ಅದರ ಮುಂದಿನ ವಾರವೂ. ಇನ್ನು ಯಾವತ್ತೂ ಮುಗಿಯಿತು ಎಂದು ಹೇಳುವುದಿಲ್ಲ.

ಹೋಗಿ ಸರಿಮಾಡಬೇಕೆಂದರೆ ಯಾವ ಮಾತಿನಲ್ಲಿ ಹೇಳುವುದು? ಇದೆ ಎಂಬುದು ಮೊದಲೇ ಕೆಟ್ಟಿತ್ತು. ಉಂಟು ಎಂಬುದನ್ನು ಇವತ್ತು ಕೆಡಿಸಿದೆ. ಕೈಯಲ್ಲಿ ರೊಟ್ಟಿ ಹಿಡಿದುಕೊಂಡೇ ಯೋಚಿಸಿದೆ. ಇರುವುದಕ್ಕೆ ಕನ್ನಡದಲ್ಲಿ ಎರಡು ಶಬ್ದ. ಇಲ್ಲದ್ದಕ್ಕೆ ಒಂದೇ, ಘಟ್ಟದ ಮೇಲೆಯೂ ಅದೇ, ನಮ್ಮಲ್ಲಿಯೂ ಅದೇ. ಅದನ್ನು ನಾನು ಇನ್ನೂ ಯಾರ ಹತ್ತಿರವೂ ಆಡಿರಲಿಲ್ಲ.

ಎಡಗೈಯಲ್ಲಿ ಹೋಟೆಲಿನ ನಂಬರ್ ಒತ್ತಿದೆ. ಶೆಟ್ರೇ ತೆಗೆದರು. ಹಿಂದೆ ತಟ್ಟೆಗಳ ಶಬ್ದ, ಯಾರೋ ನೀರು ಕೇಳುತ್ತಿದ್ದರು. ಗಸಿ ಕಡಿಮೆಯಾಯಿತಾ ಬಾಯಿ ಎಂದು ಕೇಳಿದರು.

"ಎರಡನೆಯದು ಜಾಸ್ತಿ ಆಯ್ತು ಶೆಟ್ರೇ."

"ಜನ ಉಂಟು ಹೇಳಿದ್ರಲ್ಲಾ?"

"ಇಲ್ಲ," ಎಂದೆ. "ಯಾರೂ ಇಲ್ಲ."

ಪಾಪ ಎನ್ನುತ್ತಾರೆ ಎಂದು ಕಣ್ಣು ಮುಚ್ಚಿಕೊಂಡು ಕಾದೆ. ಅವರು ಗಂಟಲು ಸರಿಮಾಡಿಕೊಂಡರು.

"ಹಾಗಾದ್ರೆ ಆ ಎಕ್ಕ?"

"ಅದೂ ಇಲ್ಲ."

ನಾನು ಫೋನ್ ಕಿವಿಗೆ ಒತ್ತಿ ಹಿಡಿದುಕೊಂಡಿದ್ದೆ.

"ಬರುವ ವಾರದಿಂದ ಒಂದೇ ಕಟ್ಟಿಸ್ತೇನೆ ಬಾಯಿ," ಎಂದರು ಶೆಟ್ರು. "ಮುಗಿಯಿತು ಹೇಳ್ಲಿಕ್ಕೆ ಒಳಗೆ ಹೋಗಿ ಬರುವ ಕೆಲಸ ಇಲ್ಲ ಇನ್ನು."

ಸರಿ ಎಂದೆ. ಫೋನ್ ಇಟ್ಟ ಮೇಲೆ ಸ್ವಲ್ಪ ಅತ್ತೆ, ಆಮೇಲೆ ತಟ್ಟೆಯಲ್ಲಿದ್ದದ್ದನ್ನು ತಿಂದು ಮುಗಿಸಿದೆ. ಎರಡನೆಯ ಗಸಿಯನ್ನು ಫ್ರಿಜ್ಜಿನಲ್ಲಿ ಇಟ್ಟು ರೊಟ್ಟಿಯನ್ನು ಡಬ್ಬಕ್ಕೆ ಹಾಕಿದೆ. ಒಣ ರೊಟ್ಟಿ ಅಲ್ಲವಾ, ವಾರ ಇಟ್ಟರೂ ಏನೂ ಆಗುವುದಿಲ್ಲ.